ಬಿ.ಎಸ್ಸಿ. ಲ್ಯಾಬಿಗೆ ಬೇಕು ಉತ್ತರ ಗೊತ್ತಿಲ್ಲದ ಪ್ರಶ್ನೆ

ಬಿ.ಎಸ್ಸಿ. ಮೊದಲ ವರ್ಷದಲ್ಲಿ ನಮ್ಮ ಬ್ಯಾಚಿಗೆ ಸಿಕ್ಕ ಮೊದಲ ಪ್ರಯೋಗ ಬಾರ್ ಪೆಂಡುಲಮ್. ಉದ್ದಕ್ಕೂ ತೂತುಗಳಿರುವ ಲೋಹದ ಪಟ್ಟಿಯನ್ನು ಒಂದೊಂದೇ ತೂತಿನಿಂದ ನೇತುಹಾಕಬೇಕು, ಇಪ್ಪತ್ತು ಸಲ ತೂಗಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ನೋಡಬೇಕು, ಗ್ರಾಫ್ ಎಳೆದು ಗುರುತ್ವ ವೇಗೋತ್ಕರ್ಷದ ಬೆಲೆ ತೆಗೆಯಬೇಕು. ನಾಲ್ವರಲ್ಲಿ ಒಬ್ಬ ಎಣಿಸುತ್ತಿದ್ದ, ಇನ್ನೊಬ್ಬ ಸ್ಟಾಪ್‌ವಾಚ್ ಒತ್ತುತ್ತಿದ್ದ, ಉಳಿದಿಬ್ಬರು ಸೀನಿಯರ್ ಒಬ್ಬರ ಹಳೆಯ ರೆಕಾರ್ಡ್ ಬಿಡಿಸಿಕೊಂಡು ಕೂತಿದ್ದೆವು. ನಮ್ಮ ಲೆಕ್ಕ 951ಕ್ಕೆ (ಸೆಂ.ಮೀ./ಸೆಕೆಂಡ್²) ಬಂದು ನಿಂತಿತು. ಸೀನಿಯರ್ ರೆಕಾರ್ಡಿನಲ್ಲಿ 980.4 ಎಂದಿತ್ತು. ನಾವು ಮತ್ತೊಮ್ಮೆ ಅಳೆಯಲಿಲ್ಲ. 980 ಬರಬೇಕಾದರೆ ಸೆಕೆಂಡುಗಳು ಎಷ್ಟಿರಬೇಕು ಎಂದು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ ಟೇಬಲ್ ತುಂಬಿದೆವು. ರೆಕಾರ್ಡಿಗೆ ಸಹಿ ಬಿತ್ತು.

ಬೆಂಗಳೂರಿನ ಸುತ್ತಮುತ್ತ ಆ ಬೆಲೆ 978ರ ಆಸುಪಾಸು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ. ಪಠ್ಯಪುಸ್ತಕದ 980 ನಮ್ಮ ನೆಲದ ಸಂಖ್ಯೆಯೇ ಅಲ್ಲ. 980ಕ್ಕೂ 978ಕ್ಕೂ ಇರುವ ಈ ವ್ಯತ್ಯಾಸವನ್ನು ನಮ್ಮ ಸ್ಟಾಪ್‌ವಾಚ್ ಹಿಡಿಯಲಾರದು, ಒಪ್ಪುತ್ತೇನೆ. ಆದರೆ ಅಂಥ ಒರಟು ಸಾಧನದಿಂದ ಪ್ರಾಮಾಣಿಕವಾಗಿ ಅಳೆದಿದ್ದರೆ ಒಂದು ಬ್ಯಾಚಿಗೆ 960, ಇನ್ನೊಂದಕ್ಕೆ 995 ಬರಬೇಕಿತ್ತು. ಇಡೀ ತರಗತಿಗೆ 980ರ ಮೇಲೊಂದು ದಶಮಾಂಶವೇ ಬಂತೆಂದರೆ, ಅಲ್ಲಿ ಅಳತೆ ನಡೆದಿರಲಿಲ್ಲ. ನಾವು ಆ ದಿನ ಕಲಿತದ್ದು ಒಂದೇ: ನಿನ್ನ ಕಣ್ಣಿಗೆ ಕಂಡದ್ದಕ್ಕಿಂತ ಪುಸ್ತಕದಲ್ಲಿ ಬರೆದದ್ದು ದೊಡ್ಡದು. ವಿಜ್ಞಾನದ ಲ್ಯಾಬಿನಲ್ಲಿ ಕಲಿಯಬಾರದ ಪಾಠ ಯಾವುದಾದರೂ ಇದ್ದರೆ ಅದು ಇದೇ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021-22ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ನಾಲ್ಕು ವರ್ಷದ ಆನರ್ಸ್ ಪದವಿ ಬಂತು. ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಎಂಬ ಆಸೆಯೂ ಅದರೊಂದಿಗೆ ಬಂತು. 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಂದಿನಿಂದ ಚರ್ಚೆಯೆಲ್ಲ ಮೂರೋ ನಾಲ್ಕೋ ಎಂಬಲ್ಲೇ ಸುತ್ತುತ್ತಿದೆ. ಮೂರು ವರ್ಷವಾದರೆ ಬಡವರ ಮನೆಯ ಮಕ್ಕಳಿಗೆ ಖರ್ಚು ಕಡಿಮೆ, ನಿಜ. ನಾಲ್ಕಾದರೆ ಹೊರದೇಶದ ಪಿಎಚ್.ಡಿ.ಗೆ ಅರ್ಜಿ ಹಾಕುವುದು ಸುಲಭ, ಅದೂ ನಿಜ. ಆದರೆ ಸಂಶೋಧನೆ ಎಂದರೆ ಪದವಿಯ ಕೊನೆಯಲ್ಲಿ ಕೆಲವರಿಗೆ ಬಡಿಸುವ ವಿಶೇಷ ಊಟ ಎಂದು ಎರಡೂ ಕಡೆಯವರು ಒಳಗೊಳಗೆ ಒಪ್ಪಿಕೊಂಡಿದ್ದಾರೆ. ಯುಜಿಸಿ 2022ರ ಡಿಸೆಂಬರಿನಲ್ಲಿ ಹೊರಡಿಸಿದ ಪಠ್ಯಕ್ರಮ ಚೌಕಟ್ಟಿನಲ್ಲೂ ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಪಡೆದವರಿಗೆ ಮಾತ್ರ ನಾಲ್ಕನೆಯ ವರ್ಷದ ಸಂಶೋಧನೆ. ಅಂದರೆ 980 ಎಂದು ಚೆನ್ನಾಗಿ ಬರೆದವನಿಗೆ ಆಮೇಲೆ ನಿಜವಾಗಿ ಅಳೆಯುವ ಅವಕಾಶ.

ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಸಂಶೋಧನೆ ಮೊದಲ ವರ್ಷದಲ್ಲೇ ಬರಬೇಕು, ಎಲ್ಲರಿಗೂ ಬರಬೇಕು, ವೇಳಾಪಟ್ಟಿಯಲ್ಲಿ ಈಗಾಗಲೇ ಇರುವ ಪ್ರ್ಯಾಕ್ಟಿಕಲ್ ಅವಧಿಯಲ್ಲೇ ಬರಬೇಕು. ಅದಕ್ಕೆ ನಾಲ್ಕನೆಯ ವರ್ಷದ ಹಂಗಿಲ್ಲ.

ಹೀಗೆ ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ತಂಡ 2008ರಲ್ಲಿ ‘ಸೀ-ಫೇಜಸ್’ ಎಂಬ ಕಾರ್ಯಕ್ರಮ ಶುರುಮಾಡಿತು. ಫೇಜ್ ಎಂದರೆ ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್. ಮಣ್ಣಿನಲ್ಲಿ, ನೀರಿನಲ್ಲಿ, ಗೊಬ್ಬರದ ಗುಂಡಿಯಲ್ಲಿ ಇವು ಲೆಕ್ಕವಿಲ್ಲದಷ್ಟಿವೆ, ಬಹುಪಾಲನ್ನು ಯಾರೂ ನೋಡಿಯೇ ಇಲ್ಲ. ಕಾಲೇಜಿಗೆ ಆಗತಾನೇ ಸೇರಿದ ಹುಡುಗಿ ತನ್ನ ಮನೆಯ ಹಿತ್ತಲಿನಿಂದ ಒಂದು ಹಿಡಿ ಮಣ್ಣು ತರುತ್ತಾಳೆ. ಅದನ್ನು ದ್ರಾವಣದಲ್ಲಿ ಕಲಕಿ, ಸೋಸಿ, ರೋಗ ತರದ ಒಂದು ಬ್ಯಾಕ್ಟೀರಿಯಾದ ಜೊತೆ ಬೆರೆಸಿ, ತಟ್ಟೆಯಲ್ಲಿ ಹರಡುತ್ತಾಳೆ. ಒಂದೆರಡು ದಿನದಲ್ಲಿ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹಾಲಿನ ಕೆನೆಯಂತೆ ಹಬ್ಬುತ್ತದೆ. ಆ ಕೆನೆಯ ನಡುವೆ ಅಲ್ಲಲ್ಲಿ ಸೂಜಿಯಿಂದ ಚುಚ್ಚಿದಂತೆ ಸ್ವಚ್ಛ ಚುಕ್ಕೆಗಳು ಕಂಡರೆ, ಅಲ್ಲಿ ಫೇಜ್ ಇದೆ. ಕಾಣದಿದ್ದರೆ ಮತ್ತೆ ಮಣ್ಣು, ಮತ್ತೆ ತಟ್ಟೆ. ಸಿಕ್ಕಿದ ಫೇಜ್‌ಗೆ ಹೆಸರಿಡುವ ಹಕ್ಕು ಆ ವಿದ್ಯಾರ್ಥಿಯದು. ಮುಂದಿನ ಸೆಮಿಸ್ಟರಿನಲ್ಲಿ ಅದರ ಜೀನೋಮ್ ಓದಿ, ಯಾವ ಜೀನ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ತರಗತಿಯವರೇ ಗುರುತಿಸಿ ಸಾರ್ವಜನಿಕ ದತ್ತಾಂಶ ಕೋಶಕ್ಕೆ ಸೇರಿಸುತ್ತಾರೆ. ಇಂದು ನೂರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಇದು ನಡೆಯುತ್ತಿದೆ, ಸಾವಿರಾರು ಫೇಜ್‌ಗಳು ಪಟ್ಟಿಯಾಗಿವೆ.

ಇದೇ ಬಗೆಯ ಕೋರ್ಸ್ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲೂ ನಡೆಯಿತು. ಅಲ್ಲಿನ ವಿದ್ಯಾರ್ಥಿನಿಯೊಬ್ಬಳಿಗೆ 2010ರಲ್ಲಿ ಕೊಳೆತ ಬದನೆಕಾಯಿಯ ಅಡಿಯಲ್ಲಿ ಒಂದು ಫೇಜ್ ಸಿಕ್ಕಿತು. ಅದಕ್ಕೆ ‘ಮಡ್ಡಿ’ ಎಂದು ಹೆಸರಾಯಿತು. ಎಂಟು ವರ್ಷ ಅದು ಹ್ಯಾಟ್‌ಫುಲ್ ಅವರ ಸಂಗ್ರಹದ ಫ್ರೀಜರಿನಲ್ಲಿತ್ತು. 2018ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಶ್ವಾಸಕೋಶ ಕಸಿಯ ನಂತರ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಸೋಂಕಿನಿಂದ ನರಳುತ್ತಿದ್ದಳು. ಅವಳಿಗೆ ಕೊಟ್ಟ ಮೂರು ಫೇಜ್‌ಗಳ ಮಿಶ್ರಣದಲ್ಲಿ ಮಡ್ಡಿಯೂ ಒಂದು. ಎದೆಯ ಗಾಯ ಕೂಡಿಕೊಂಡಿತು, ಚರ್ಮದ ಮೇಲಿನ ಗಂಟುಗಳು ಬಹುಮಟ್ಟಿಗೆ ಇಳಿದವು. ಸೋಂಕು ಪೂರ್ತಿ ನಿರ್ಮೂಲವಾಯಿತೆಂದು ವೈದ್ಯರು ಹೇಳಲಿಲ್ಲ, ಆದರೆ ಸಾವಿನ ಅಂಚಿನಿಂದ ಹುಡುಗಿ ಮನೆಗೆ ಮರಳಿದಳು. ಬದನೆಕಾಯಿ ಕೆರೆಯುವಾಗ ಆ ವಿದ್ಯಾರ್ಥಿನಿಗೆ ಇದರ ಸುಳಿವೇ ಇರಲಿಲ್ಲ. ಅವಳಿಗಿದ್ದದ್ದು ಪ್ರ್ಯಾಕ್ಟಿಕಲ್ ಕ್ಲಾಸು, ಮತ್ತು ಮೇಷ್ಟ್ರಿಗೂ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ.

ಜೀನೋಮ್, ಫ್ರೀಜರ್ ಎಂದಾಗ ನಮ್ಮ ಮೇಷ್ಟ್ರುಗಳು ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಇನ್ನೊಂದು ಉದಾಹರಣೆ ಹೇಳಬೇಕು. ಕೋವಿಡ್ ಸಮಯದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಲ್ಯಾಬ್ ಮುಚ್ಚಿತು. ಮನೆಯಲ್ಲಿ ಕೂತ ಮೊದಲ ಮತ್ತು ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಪ್ರ್ಯಾಕ್ಟಿಕಲ್ ಹೇಗೆ? ಹೆದರ್ ಲೆವಾಂಡೊವ್‌ಸ್ಕಿ ಮತ್ತು ಜೇಮ್ಸ್ ಮೇಸನ್ ಎಂಬ ವಿಜ್ಞಾನಿಗಳು ಆ ವಿದ್ಯಾರ್ಥಿಗಳ ಮುಂದೆ ಸೂರ್ಯನ ಒಂದು ಹಳೆಯ ಒಗಟನ್ನಿಟ್ಟರು. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಬಿಸಿ. ಅದರಾಚೆಯ ಹೊರ ವಾತಾವರಣ, ಅಂದರೆ ಕರೋನಾ, ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಒಲೆಯಿಂದ ದೂರ ಹೋದಂತೆ ಕಾವು ಏರುವುದು ಹೇಗೆ? ಕಣ್ಣಿಗೆ ಬೀಳದಷ್ಟು ಚಿಕ್ಕ ಜ್ವಾಲೆಗಳು ಲೆಕ್ಕವಿಲ್ಲದಷ್ಟು ಸಿಡಿದು ಕರೋನಾವನ್ನು ಕಾಯಿಸುತ್ತವೆ ಎಂಬುದು ಒಂದು ವಾದ. ದೊಡ್ಡ ಜ್ವಾಲೆಗಳ ಶಕ್ತಿ ಹೇಗೆ ಹಂಚಿಕೆಯಾಗಿದೆ ಎಂದು ಅಳೆದರೆ ಈ ವಾದವನ್ನು ಒರೆಗೆ ಹಚ್ಚಬಹುದು. ಉಪಗ್ರಹದ ದತ್ತಾಂಶ ಉಚಿತವಾಗಿ ಸಿಗುತ್ತಿತ್ತು. ಸುಮಾರು ಸಾವಿರ ವಿದ್ಯಾರ್ಥಿಗಳು ಮೂರು ಸೆಮಿಸ್ಟರುಗಳಲ್ಲಿ 600ಕ್ಕೂ ಹೆಚ್ಚು ಜ್ವಾಲೆಗಳನ್ನು ಒಂದೊಂದಾಗಿ ಕೈಯಾರೆ ಲೆಕ್ಕ ಹಾಕಿದರು. ಒಟ್ಟು 56,000 ಗಂಟೆಗಳ ದುಡಿಮೆ. ಚಿಕ್ಕ ಜ್ವಾಲೆಗಳೇ ಮುಖ್ಯ ಕಾರಣವಾಗಿರಲಾರವು ಎಂಬ ಫಲಿತಾಂಶ 2023ರಲ್ಲಿ ಖಗೋಳವಿಜ್ಞಾನದ ಪ್ರಮುಖ ಪತ್ರಿಕೆಯಲ್ಲಿ ಅವರೆಲ್ಲರ ಹೆಸರಿನೊಂದಿಗೆ ಪ್ರಕಟವಾಯಿತು. ‘ಅಲ್ಲ’ ಎಂಬ ಉತ್ತರ. ನಮ್ಮ ಲ್ಯಾಬಿನಲ್ಲಿ ಅಂಥ ಉತ್ತರಕ್ಕೆ ಅಂಕವಿಲ್ಲ.

ಇದಕ್ಕೆ ಬೇಕಾದ ಸಲಕರಣೆ ಒಂದು ಕಂಪ್ಯೂಟರ್. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೇ ತಯಾರಾದ ಸೋಲೆಕ್ಸ್ ಮತ್ತು ಹೆಲಿಯೋಸ್ ಉಪಕರಣಗಳು ಆದಿತ್ಯ-ಎಲ್1 ನೌಕೆಯಲ್ಲಿ ಕೂತು ಸೂರ್ಯನ ಇಂಥವೇ ಎಕ್ಸ್-ರೇ ಜ್ವಾಲೆಗಳನ್ನು ನೋಡುತ್ತಿವೆ. ಆ ದತ್ತಾಂಶ ಬ್ಯಾಲಾಳುವಿನ ಇಸ್ರೊ ಕೇಂದ್ರದ ಮೂಲಕ, ಹೆಸರು ನೋಂದಾಯಿಸಿದ ಯಾರಿಗೂ ಸಿಗುತ್ತದೆ. ಬಿಡದಿಯ ಪಕ್ಕದ ಆ ಊರಿಗೆ ಸೂರ್ಯನ ಸುದ್ದಿ ಬರುತ್ತಿರುವಾಗ ಅಲ್ಲಿಂದ ಮೂವತ್ತು ಕಿಲೋಮೀಟರ್ ಆಚೆಯ ಕಾಲೇಜಿನ ಮಕ್ಕಳು ಬೇರೆಯವರ ರೆಕಾರ್ಡಿನಿಂದ 980.4 ನಕಲು ಮಾಡುವುದು ನನಗೆ ಸಹಿಸಲಾಗದ ಸಂಗತಿ.

ಉತ್ತರ ಗೊತ್ತಿರುವ ಪ್ರಯೋಗದಿಂದ ಪಾಠವಾದರೂ ಗಟ್ಟಿಯಾಗುತ್ತದೆಯಲ್ಲ ಎಂದು ಹಿರಿಯ ಅಧ್ಯಾಪಕರೊಬ್ಬರು ನನ್ನೊಡನೆ ವಾದಿಸಿದ್ದರು. ನಾನೂ ಹಾಗೆಂದೇ ನಂಬಿದ್ದೆ. ನಟಾಶಾ ಹೋಮ್ಸ್ ಮತ್ತು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ತಮ್ಮ ಸಹೋದ್ಯೋಗಿಗಳೊಡನೆ ಇದನ್ನೇ ಪರೀಕ್ಷೆಗೊಡ್ಡಿದರು. ಮೂರು ಸಂಸ್ಥೆಗಳ ಒಂಬತ್ತು ಕೋರ್ಸುಗಳು, ಸುಮಾರು 3,000 ವಿದ್ಯಾರ್ಥಿಗಳು. ಪಾಠವನ್ನು ಗಟ್ಟಿಮಾಡಲೆಂದೇ ಇಟ್ಟ ಲ್ಯಾಬಿಗೆ ಹೋದವರಿಗೂ ಹೋಗದವರಿಗೂ ಆ ವಿಷಯದ ಪರೀಕ್ಷೆಯಲ್ಲಿ ಅಳೆಯಬಹುದಾದ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ 2005ರಿಂದ ಮೊದಲ ವರ್ಷದವರನ್ನೇ ಸಂಶೋಧನೆಯ ತಂಡಗಳಿಗೆ ಸೇರಿಸುತ್ತಿದೆ. ಅಲ್ಲಿ ಮೂರು ಸೆಮಿಸ್ಟರ್ ಪೂರೈಸಿದವರನ್ನು ಅವರಂಥದೇ ಹಿನ್ನೆಲೆಯ ಇತರರೊಂದಿಗೆ ಹೋಲಿಸಿದಾಗ, ವಿಜ್ಞಾನ-ಗಣಿತ ವಿಭಾಗದಲ್ಲೇ ಪದವಿ ಪಡೆಯುವ ಸಾಧ್ಯತೆ ಶೇಕಡಾ 71ರಿಂದ 94ಕ್ಕೆ ಏರಿತ್ತು. ಅಂಕಗಳಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಮಕ್ಕಳು ವಿಜ್ಞಾನ ಬಿಟ್ಟುಹೋಗದೆ ಉಳಿದರು ಎಂಬುದೇ ಅದರ ಗಳಿಕೆ. ಇವೆಲ್ಲ ಅನುಕೂಲಸ್ಥ ವಿಶ್ವವಿದ್ಯಾಲಯಗಳ ಲೆಕ್ಕ, ನಮಗೆ ಹಾಗೇ ಹೊಂದುತ್ತವೆಂದು ನಾನು ಹೇಳಲಾರೆ. ದಿಕ್ಕು ಮಾತ್ರ ಸ್ಪಷ್ಟವಿದೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಆರಂಭಿಸಿತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಬೇಸಿಗೆ ಫೆಲೋಶಿಪ್ ಕೊಡುತ್ತದೆ, ವಿಜ್ಞಾನ ಅಕಾಡೆಮಿಗಳೂ ಕೊಡುತ್ತವೆ. ಬಹಳ ಒಳ್ಳೆಯ ಕೆಲಸ. ಆದರೆ ಅಲ್ಲಿಗೆ ಹೋಗಬೇಕಾದರೆ ಅಂಥದ್ದೊಂದು ಇದೆಯೆಂದು ಮೊದಲು ಗೊತ್ತಿರಬೇಕು, ಅರ್ಜಿ ಬರೆಯಲು ಹೇಳಿಕೊಡುವವರು ಬೇಕು, ಎರಡು ತಿಂಗಳು ಊರು ಬಿಟ್ಟು ಇರಲು ಮನೆಯವರು ಒಪ್ಪಬೇಕು. ಬೆಳಿಗ್ಗೆ ಆರೂವರೆಯ ಬಸ್ ಹಿಡಿದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಂದು, ಸಂಜೆ ಮನೆಗೆ ಹೋಗಿ ಹಸು ಕರೆಯುವ ಹುಡುಗಿಗೆ ಇದ್ಯಾವುದೂ ಎಟುಕುವುದಿಲ್ಲ. ಅವಳು ತಪ್ಪದೆ ಬರುವುದು ಪ್ರ್ಯಾಕ್ಟಿಕಲ್ ಕ್ಲಾಸಿಗೆ. ಸಂಶೋಧನೆ ಅಲ್ಲಿಗೇ ಬರಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ.

ಆ ಹುಡುಗಿ ಕೋಲಾರ ಜಿಲ್ಲೆಯವಳು ಎಂದುಕೊಳ್ಳೋಣ. ರಸಾಯನಶಾಸ್ತ್ರದ ಪಠ್ಯದಲ್ಲಿ ನೀರಿನ ಗಡಸುತನ ಅಳೆಯುವ ಪ್ರಯೋಗ ಈಗಲೂ ಇದೆ. ಲ್ಯಾಬ್ ಅಟೆಂಡರ್ ಬೆಳಿಗ್ಗೆ ಬಕೆಟ್ಟಿನಲ್ಲಿ ಲವಣ ಕರಗಿಸಿ ಇಟ್ಟಿರುತ್ತಾರೆ, ಎಷ್ಟು ಕರಗಿಸಿದ್ದೆಂದು ಪರೀಕ್ಷಕರ ಚೀಟಿಯಲ್ಲಿರುತ್ತದೆ. ಐವತ್ತು ಮಿಲಿಲೀಟರ್ ನೀರು, ಒಂದಿಷ್ಟು ಬಫರ್, ಚಿಟಿಕೆ ಸೂಚಕ. ಬ್ಯೂರೆಟ್ಟಿನಿಂದ ಇಡಿಟಿಎ ಎಂಬ ರಾಸಾಯನಿಕದ ದ್ರಾವಣ ಹನಿಹನಿಯಾಗಿ ಬೀಳುತ್ತದೆ, ದ್ರಾಕ್ಷಿ ಕೆಂಪಿನ ನೀರು ಒಂದು ಹನಿಗೆ ನೀಲಿಯಾಗುತ್ತದೆ. 0.01 ಮೋಲಾರ್ ದ್ರಾವಣ ಹತ್ತು ಮಿಲಿಲೀಟರ್ ಖರ್ಚಾದರೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಅದು ಕುಡಿಯುವ ನೀರಿನ ಭಾರತೀಯ ಮಾನದಂಡದ ಒಪ್ಪಿತ ಮಿತಿ. ಮೂವತ್ತು ಮಿಲಿಲೀಟರ್ ಆದರೆ 600, ಬೇರೆ ನೀರೇ ಸಿಗದಿದ್ದಾಗ ಮಾತ್ರ ಸಹಿಸಬಹುದಾದ ಕೊನೆಯ ಗೆರೆ.

ಈಗ ಬಕೆಟ್ಟನ್ನು ಪಕ್ಕಕ್ಕಿಟ್ಟು, ಪ್ರತಿಯೊಬ್ಬರೂ ತಮ್ಮ ಊರಿನ ಕೊಳವೆಬಾವಿಯಿಂದ ಒಂದು ಬಾಟಲಿ ನೀರು ತರಲಿ. ರಾಸಾಯನಿಕ ಅದೇ, ಗಾಜು ಅದೇ, ಗಂಟೆ ಮೂರೇ. ಆದರೆ ಉತ್ತರ ಮೇಷ್ಟ್ರಿಗೂ ಗೊತ್ತಿಲ್ಲ. ಕೋಲಾರದಲ್ಲಿ ಆ ಉತ್ತರಕ್ಕೆ ಕಾಯುತ್ತಿರುವವರೂ ಇದ್ದಾರೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡನೆಯ ಹಂತದವರೆಗೆ ಸಂಸ್ಕರಣೆಗೊಂಡು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಮೊದಲ ಹಂತದ ಗುರಿಯೇ 126 ಕೆರೆ. ಬತ್ತಿದ್ದ ಬಾವಿಗಳಲ್ಲಿ ನೀರು ಬಂದಿದೆ ಎಂದು ರೈತರು ಹೇಳುತ್ತಾರೆ. ಆ ನೀರು ಎಂಥದ್ದು ಎಂಬ ಆತಂಕವೂ ಹಳ್ಳಿಗಳಲ್ಲಿದೆ. ಕೆರೆಯ ಪಕ್ಕದ ಬಾವಿಗೂ ಎರಡು ಮೈಲಿ ಆಚೆಯ ಬಾವಿಗೂ ಗಡಸುತನದಲ್ಲಿ, ನೈಟ್ರೇಟಿನಲ್ಲಿ ಏನು ವ್ಯತ್ಯಾಸ? ಮಳೆಗಾಲದ ಮುಂಚೆ ಎಷ್ಟು, ಆಮೇಲೆ ಎಷ್ಟು? ಐದು ವರ್ಷದಲ್ಲಿ ಎತ್ತ ಸರಿಯುತ್ತಿದೆ? ಹಿರಿಯ ವಿಜ್ಞಾನಿಗಳು ಆಯ್ದ ಜಾಗಗಳಲ್ಲಿ ಅಳೆಯುತ್ತಾರೆ. ನೂರಾರು ಬಾವಿಗಳಿಂದ ವರ್ಷಕ್ಕೆರಡು ಸಲ ಬಾಟಲಿ ತುಂಬಿ ತರುವ ಶಕ್ತಿ ಇರುವುದು ದಿನವೂ ಆ ಊರುಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳಿಗೆ ಮಾತ್ರ. ಪಾವಗಡದ ಕಡೆಯಾದರೆ ಪ್ರಶ್ನೆ ಫ್ಲೋರೈಡ್. ಕರಾವಳಿಯಾದರೆ ಬಾವಿಗೆ ನುಗ್ಗುವ ಉಪ್ಪು.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. ಬಾವಿಯ ನೀರು ಲ್ಯಾಬಿಗೆ ಬಂದ ಮಾತ್ರಕ್ಕೆ ಅದು ಸಂಶೋಧನೆಯಾಗುವುದಿಲ್ಲ. ಮೊದಲ ಸಲ ಬಂದ ಸಂಖ್ಯೆಯನ್ನು ಅನುಮಾನಿಸಿ ಎರಡನೆಯ ಸಲ ಅಳೆದಾಗ ಅದು ಶುರುವಾಗುತ್ತದೆ. ಒಂದೇ ಬಾಟಲಿಯನ್ನು ಇಬ್ಬರು ಒಬ್ಬರಿಗೊಬ್ಬರು ತಿಳಿಯದಂತೆ ಅಳೆಯಬೇಕು, ಶುದ್ಧ ನೀರಿನ ಒಂದು ಮಾದರಿ ಪ್ರತಿದಿನ ಜೊತೆಗಿರಬೇಕು, ಗೊತ್ತಿರುವ ಮಾದರಿಯೂ ಒಂದಿರಬೇಕು. ಅಟೆಂಡರ್ ಕರಗಿಸಿಟ್ಟ ಬಕೆಟ್ಟಿಗೆ ಆಗ ನಿಜವಾದ ಉಪಯೋಗ ಬರುತ್ತದೆ. ತರಗತಿಯ ಒಂದು ಅಳತೆ ಹಿಡಿದು ‘ನಿಮ್ಮ ಊರಿನ ನೀರು ವಿಷ’ ಎಂದು ಯಾರೂ ಹಳ್ಳಿಯಲ್ಲಿ ಸಾರಬಾರದು. ಸಂದೇಹ ಕಂಡ ಬಾವಿಯ ಮಾದರಿ ಜಿಲ್ಲಾ ಪ್ರಯೋಗಾಲಯಕ್ಕೆ ಹೋಗಬೇಕು. ಇಂಥ ಕಾರ್ಯಕ್ರಮ ನಡೆಸಿದ ಹಲವರ ಅನುಭವವೂ ಇದೇ: ಸೋತು ಮತ್ತೆ ಮಾಡಲು ವೇಳಾಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ಉಳಿದದ್ದೆಲ್ಲ ಅಲಂಕಾರ. ಸೆಮಿಸ್ಟರಿಗೆ ಹನ್ನೆರಡು ಪ್ರಯೋಗ ಮುಗಿಸಲೇಬೇಕೆಂಬ ನಿಯಮ ಇರುವವರೆಗೆ ಆ ಜಾಗ ಸಿಗುವುದಿಲ್ಲ. ಆರು ಸಾಕು. ಉಳಿದ ವಾರಗಳು ಒಂದೇ ಪ್ರಶ್ನೆಗಿರಲಿ.

ಅಡ್ಡಿ ಹಣದ್ದಲ್ಲ, ಪರೀಕ್ಷೆಯದು. ಸಂಯೋಜಿತ ಕಾಲೇಜಿನ ಮೇಷ್ಟ್ರಿಗೆ ಪಠ್ಯ ಬದಲಿಸುವ ಅಧಿಕಾರವಿಲ್ಲ, ಅದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯ ಕೈಯಲ್ಲಿದೆ. ಪ್ರ್ಯಾಕ್ಟಿಕಲ್ ಪರೀಕ್ಷೆಯ ಅಂಕ ಹಂಚಿಕೆಯಲ್ಲಿ ‘ಫಲಿತಾಂಶ’ ಎಂಬ ಸಾಲಿದೆ, ನಿಜವಾದ ಬೆಲೆಗೆ ಎಷ್ಟು ಹತ್ತಿರವೋ ಅಷ್ಟು ಅಂಕ. ನಾವು 951 ಅನ್ನು 980 ಮಾಡಿದ್ದು ಈ ಸಾಲಿಗಾಗಿ. ಇದನ್ನು ತೆಗೆದು, ಎಷ್ಟು ಸಲ ಅಳೆದೆ, ಅಳತೆಗಳು ಎಷ್ಟು ಚದುರಿವೆ, ಏಕೆ ಚದುರಿವೆ ಎಂದು ಕೇಳಿ ಅಂಕ ಕೊಟ್ಟರೆ, ಸುಳ್ಳು ಬರೆಯುವುದರಿಂದ ಲಾಭವೇ ಇರುವುದಿಲ್ಲ. ಸ್ವಾಯತ್ತ ಕಾಲೇಜುಗಳು ನಾಳೆಯೇ ಇದನ್ನು ಮಾಡಬಹುದು.

ಇನ್ನೊಂದು ಅಡ್ಡಿ ಇದಕ್ಕಿಂತ ನೋವಿನದು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. ಮುಂದಿನ ವರ್ಷ ಯಾವ ಕಾಲೇಜು, ಕೆಲಸ ಇರುತ್ತದೆಯೋ ಇಲ್ಲವೋ ಎಂದು ತಿಳಿಯದ ಒಬ್ಬರಿಂದ ಐದು ವರ್ಷ ಒಂದು ಕೆರೆಯ ಬೆನ್ನು ಹತ್ತುವ ಕೆಲಸವನ್ನು ಯಾವ ಮುಖದಿಂದ ಕೇಳುವುದು? ಸೇವಾ ಭದ್ರತೆ ಅವರ ಹೊಟ್ಟೆಪಾಡಿನ ಪ್ರಶ್ನೆಯಷ್ಟೇ ಅಲ್ಲ, ಲ್ಯಾಬಿನ ಪ್ರಶ್ನೆಯೂ ಹೌದು. ಸೀ-ಫೇಜಸ್ ಗೆದ್ದದ್ದು ಮೇಷ್ಟ್ರನ್ನು ಒಂಟಿಯಾಗಿ ಬಿಡದ ಕಾರಣಕ್ಕೆ. ತರಬೇತಿ, ವಿಧಾನದ ಕೈಪಿಡಿ, ದುಬಾರಿ ಪರೀಕ್ಷೆ, ದತ್ತಾಂಶದ ತಪಾಸಣೆ ಎಲ್ಲವನ್ನೂ ನಡುವಿನ ಒಂದು ತಂಡ ಹೊರುತ್ತದೆ, ಕಾಲೇಜು ತನ್ನ ತರಗತಿಯನ್ನು ನೋಡಿಕೊಂಡರೆ ಸಾಕು. ಜಿಲ್ಲೆಗೊಂದು ವಿಶ್ವವಿದ್ಯಾಲಯದ ವಿಭಾಗ ನಾಲ್ಕೈದು ಕಾಲೇಜುಗಳಿಗೆ ಹೀಗೆ ಬೆನ್ನಾದರೆ ಆರಂಭಕ್ಕೆ ಅಷ್ಟು ಸಾಕು.

ಭಾಷೆಯ ಮಾತನ್ನೂ ಹೇಳಿಬಿಡುತ್ತೇನೆ. ಪಿಯುಸಿವರೆಗೆ ಚುರುಕಾಗಿದ್ದು ಬಿ.ಎಸ್ಸಿ.ಯಲ್ಲಿ ಇಂಗ್ಲಿಷಿನ ಮುಂದೆ ಬಾಯಿ ಕಟ್ಟಿ ಕೂರುವ ಮಕ್ಕಳನ್ನು ಎಲ್ಲ ಅಧ್ಯಾಪಕರೂ ಕಂಡಿದ್ದಾರೆ. ತಮ್ಮ ಊರಿನ ಬಾವಿಯ ಬಗ್ಗೆ ಮಾತಾಡುವಾಗ ಅವರೇ ತಜ್ಞರು. ಯಾವ ಬಾವಿ ಎಷ್ಟು ಅಡಿ, ಯಾವುದರ ನೀರಿಗೆ ಬೇಳೆ ಬೇಯುವುದಿಲ್ಲ, ಯಾವುದಕ್ಕೆ ಸೋಪು ನೊರೆ ಬರುವುದಿಲ್ಲ ಎಂಬುದು ಅವರ ಅಜ್ಜಿಗೂ ಗೊತ್ತು. ಬೇಳೆ ಬೇಯದ ಬಾವಿಯ ಬಾಟಲಿಗೆ ಇಪ್ಪತ್ತೆಂಟು ಮಿಲಿಲೀಟರ್ ಇಡಿಟಿಎ ಖರ್ಚಾಗುವುದನ್ನು ಕಣ್ಣಾರೆ ಕಂಡ ಹುಡುಗಿಗೆ ಗಡಸುತನ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಟಿಪ್ಪಣಿ ಕನ್ನಡದಲ್ಲೇ ಬರೆಯಲಿ.

ಖರ್ಚಿಗೆ ಬೇಕಾದದ್ದು ಲೇಬಲ್ ಅಂಟಿಸಿದ ಬಾಟಲಿಗಳು ಮತ್ತು ದಪ್ಪ ರಟ್ಟಿನ ಒಂದು ರಿಜಿಸ್ಟರ್. ಊರು, ಬಾವಿಯ ಆಳ, ತಾರೀಕು, ಮೊದಲ ಅಳತೆ, ಎರಡನೆಯ ಅಳತೆ, ಅಳೆದವರ ಸಹಿ. ಆ ರಿಜಿಸ್ಟರ್ ವಿಭಾಗದ ಬೀರುವಿನಲ್ಲಿರಲಿ. ಮುಂದಿನ ಜೂನ್‌ನಲ್ಲಿ ಹೊಸ ಬ್ಯಾಚ್ ಬಂದು ಸೀನಿಯರ್‌ಗಳು ಬರೆದ ಪುಟ ತೆರೆಯುತ್ತದೆ. ತಮ್ಮ ಊರಿನ ಸಾಲು ಹುಡುಕುತ್ತದೆ. ಅಲ್ಲಿ 410 ಎಂದಿರುತ್ತದೆ, ತಮಗೆ ಬಂದದ್ದು 470. ಆಗ ಅವರು ಬ್ಯೂರೆಟ್ ತೊಳೆದು, ಮತ್ತೊಮ್ಮೆ ಸೊನ್ನೆಗೆ ತುಂಬಿಸಿಕೊಳ್ಳುತ್ತಾರೆ.